ಹುಳು ಕೊರೆಯುವ ಕಂಬಗಳ ಮೇಲೊಂದು ಉದ್ಯಾನ

ನ್ಯೂಯಾರ್ಕಿನ ಈಸ್ಟ್ ರಿವರ್ ದಡದಲ್ಲಿ, ಬ್ರೂಕ್ಲಿನ್ ಸೇತುವೆಯ ಬುಡಕ್ಕೆ ಹೊಂದಿಕೊಂಡು ಒಂದು ಉದ್ಯಾನವಿದೆ. ಹೆಸರು ಬ್ರೂಕ್ಲಿನ್ ಬ್ರಿಜ್ ಪಾರ್ಕ್. ಅಲ್ಲಿನ ಒಂದು ಹುಲ್ಲುಹಾಸಿನ ಮೇಲೆ ಮಲಗಿ ಆಕಾಶ ನೋಡುತ್ತಿರುವವರ ಬೆನ್ನ ಕೆಳಗೆ ಒಂದಿಷ್ಟು ಮಣ್ಣು, ಅದರ ಕೆಳಗೆ ಹಳೆಯ ಹಡಗುಕಟ್ಟೆಯ ಹಾಸು, ಅದರ ಕೆಳಗೆ ಉಪ್ಪುನೀರು. ಆ ನೀರಿನಲ್ಲಿ 12,000ಕ್ಕೂ ಹೆಚ್ಚು ಮರದ ಕಂಬಗಳು ಉದ್ಯಾನದ ಬಹುಭಾಗವನ್ನು ಹೊತ್ತು ನಿಂತಿವೆ. ಆ ಕಂಬಗಳನ್ನು ಹುಳುಗಳು ತಿನ್ನುತ್ತಿವೆ.

ಹುಳು ಎಂದು ಕರೆದರೂ ಅದು ಕಪ್ಪೆಚಿಪ್ಪಿನ ಬಳಗಕ್ಕೆ ಸೇರಿದ ಜೀವಿ. ಮರದೊಳಕ್ಕೆ ಹೊಕ್ಕರೆ ಸುರಂಗ ಕೊರೆಯುತ್ತಲೇ ಸಾಗುತ್ತದೆ. ಗೆದ್ದಲು ಹತ್ತಿದ ಬಾಗಿಲವಾಡದ ಹಾಗೆ ಹೊರಗೆ ಎಲ್ಲವೂ ಗಟ್ಟಿಯಾಗಿ ಕಾಣುತ್ತದೆ, ಒಳಗೆ ಟೊಳ್ಳು. ಇಪ್ಪತ್ತನೇ ಶತಮಾನದ ಬಹುಕಾಲ ಈ ಹುಳುಗಳ ಕಾಟ ಅಷ್ಟಾಗಿ ಇರಲಿಲ್ಲ. ನದಿ ಎಷ್ಟು ಹೊಲಸಾಗಿತ್ತೆಂದರೆ ಅವು ಅಲ್ಲಿ ಬದುಕುವುದೇ ಕಷ್ಟವಾಗಿತ್ತು. 1972ರಲ್ಲಿ ಅಮೆರಿಕದ ಶುದ್ಧ ನೀರಿನ ಕಾಯ್ದೆ ಬಂತು, ವರ್ಷಗಳು ಕಳೆದಂತೆ ನೀರು ತಿಳಿಯಾಯಿತು, ಮೀನುಗಳು ಮರಳಿದವು, ಅವುಗಳೊಂದಿಗೆ ಮರ ಕೊರೆಯುವ ಜೀವಿಗಳೂ ಮರಳಿದವು. ಈಗ ಮುಳುಗುಗಾರರು ನೀರಿಗಿಳಿದು, ಒಂದೊಂದೇ ಕಂಬವನ್ನು ಪರೀಕ್ಷಿಸಿ, ಅದಕ್ಕೆ ಕಾಂಕ್ರೀಟಿನಂಥ ಗಟ್ಟಿ ವಸ್ತುಗಳ ಕವಚ ತೊಡಿಸಬೇಕು. ಇದು ಒಮ್ಮೆ ಮಾಡಿ ಕೈತೊಳೆದುಕೊಳ್ಳುವ ಕೆಲಸವಲ್ಲ, ಖರ್ಚೂ ಕೋಟ್ಯಂತರ ಡಾಲರುಗಳದು.

ಆ ದುಡ್ಡನ್ನು ಯಾರು ಕೊಡಬೇಕು? ಬ್ರೂಕ್ಲಿನ್ ಕಂಡುಕೊಂಡ ಉತ್ತರ: ಉದ್ಯಾನದ ಅಂಚಿನಲ್ಲಿ ಎದ್ದಿರುವ ಅಪಾರ್ಟ್‌ಮೆಂಟುಗಳು ಮತ್ತು ಹೋಟೆಲು.

ಉದ್ಯಾನ ಎಂಬ ಮಾತಿನ ಪಕ್ಕದಲ್ಲಿ ಬಿಲ್ಡರ್ ಎಂಬ ಮಾತು ಬಂದರೆ ನಮ್ಮ ಊರಿನ ಯಾರಿಗೇ ಆದರೂ ಎದೆ ಧಸಕ್ಕೆನ್ನುತ್ತದೆ. ನನಗೂ ಹಾಗೆಯೇ ಆಗುತ್ತದೆ. ಆದರೂ ಈ ಒಂದು ಪ್ರಕರಣವನ್ನು ಬಿಡಿಸಿ ನೋಡಬೇಕೆಂದು ನನಗೆ ಅನಿಸುವುದಕ್ಕೆ ಕಾರಣವಿದೆ. ಉದ್ಯಾನದ ಜಾಗದಲ್ಲಿ ಮನೆ ಕಟ್ಟುವ ಯೋಜನೆಗಳೆಲ್ಲ ಹೊರನೋಟಕ್ಕೆ ಒಂದೇ ತರಹ ಕಾಣುತ್ತವೆ. ಆದರೆ ಉದ್ಯಾನವೇ ಇಲ್ಲದ ಕಡೆ ಉದ್ಯಾನ ಹುಟ್ಟಿಸಲು ಮನೆಗಳನ್ನು ಬಳಸುವುದು ಒಂದು ಮಾತು, ಇದ್ದ ಉದ್ಯಾನವನ್ನು ಮನೆಗಳಿಗೆ ಬಿಟ್ಟುಕೊಡುವುದು ಬೇರೆಯೇ ಮಾತು. ಈ ವ್ಯತ್ಯಾಸ ಒಪ್ಪಂದದ ಕಾಗದದಲ್ಲಿರುತ್ತದೆ. ನಕ್ಷೆಯ ಹಸಿರು ಬಣ್ಣ ಅದನ್ನು ತೋರಿಸುವುದಿಲ್ಲ.

ಧಕ್ಕೆಗಳು ಉದ್ಯಾನವಾದದ್ದು

ಮಂಗಳೂರಿನವರು ಧಕ್ಕೆ ಎನ್ನುತ್ತಾರಲ್ಲ, ಹಡಗು ನಿಂತು ಸರಕು ಇಳಿಸುವ ಕಟ್ಟೆ, ಬ್ರೂಕ್ಲಿನ್ನಿನ ಈ ದಡದ ತುಂಬ ಅಂಥವು ಇದ್ದವು. ಸೇತುವೆಯಿಂದ ದಕ್ಷಿಣಕ್ಕೆ 1ರಿಂದ 6ರವರೆಗೆ ಸಂಖ್ಯೆ ಹಾಕಿದ ಆರು ಬೃಹತ್ ಧಕ್ಕೆಗಳು. ಸರಕೆಲ್ಲ ಕಂಟೇನರುಗಳಲ್ಲಿ ಸಾಗುವ ಕಾಲ ಬಂದಾಗ ದೊಡ್ಡ ಹಡಗುಗಳು ನ್ಯೂಜೆರ್ಸಿಯ ವಿಶಾಲ ಬಂದರುಗಳತ್ತ ಹೊರಟುಹೋದವು. 1980ರ ದಶಕದ ಆರಂಭಕ್ಕೆ ಇಲ್ಲಿ ಉಳಿದದ್ದು ಖಾಲಿ ಶೆಡ್ಡುಗಳು, ತುಕ್ಕು ಹಿಡಿದ ಬೇಲಿ. 1984ರಲ್ಲಿ ಬಂದರು ಪ್ರಾಧಿಕಾರ ಈ ಜಾಗವನ್ನು ವಾಣಿಜ್ಯ ಬಳಕೆಗೆ ಮಾರುವ ಯೋಚನೆ ಮುಂದಿಟ್ಟಿತು. ದಡದ ಮೇಲಿನ ಬ್ರೂಕ್ಲಿನ್ ಹೈಟ್ಸ್ ಬಡಾವಣೆಯ ಜನ ತಿರುಗಿಬಿದ್ದರು. ಇಲ್ಲಿ ಉದ್ಯಾನವಾಗಬೇಕು ಎಂದು ಹಠ ಹಿಡಿದರು. ಆ ಹಠ ಹತ್ತಿರಹತ್ತಿರ ಎರಡು ದಶಕ ನಡೆಯಿತು.

2002ರ ಮೇ ತಿಂಗಳಲ್ಲಿ ರಾಜ್ಯದ ಗವರ್ನರ್ ಜಾರ್ಜ್ ಪತಾಕಿ ಮತ್ತು ನಗರದ ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ರಾಜ್ಯ ಮತ್ತು ನಗರ ಸೇರಿ 15 ಕೋಟಿ ಡಾಲರ್ ಕೊಡುತ್ತವೆ, ಉದ್ಯಾನ ಕಟ್ಟಲಾಗುತ್ತದೆ. ಜೊತೆಗೆ ಎರಡು ಷರತ್ತುಗಳಿದ್ದವು. ಒಂದು, ಕಟ್ಟಿದ ಮೇಲೆ ನಿರ್ವಹಣೆಗೆ ಬೊಕ್ಕಸದಿಂದ ಹಣ ಬರುವುದಿಲ್ಲ, ಉದ್ಯಾನವೇ ದುಡಿದುಕೊಳ್ಳಬೇಕು. ಇನ್ನೊಂದು, ದುಡಿಮೆಗಾಗಿ ಬಳಸುವ ಜಾಗ ಒಟ್ಟು ವಿಸ್ತೀರ್ಣದ ಶೇಕಡಾ 20ನ್ನು ಮೀರಕೂಡದು. ಕನಿಷ್ಠ ಶೇಕಡಾ 80 ಬಯಲಾಗಿ, ಎಲ್ಲರದಾಗಿ ಉಳಿಯಬೇಕು. ಕೊನೆಗೆ ಕಟ್ಟಡಗಳು ಬಳಸಿಕೊಂಡದ್ದು ಆ ಮಿತಿಗಿಂತಲೂ ಬಹಳ ಕಡಿಮೆ.

ಉದ್ಯಾನದ ವಿಸ್ತೀರ್ಣ 85 ಎಕರೆ, ಅಂದರೆ ಲಾಲ್‌ಬಾಗಿನ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು. ಆದರೆ ಅದು ಉಂಡೆಯಾಗಿಲ್ಲ, ನದಿಯಂಚಿಗೆ ಎರಡು ಕಿಲೋಮೀಟರ್ ಉದ್ದಕ್ಕೆ ರಿಬ್ಬನ್ನಿನ ಹಾಗೆ ಹರಡಿಕೊಂಡಿದೆ. ವಿನ್ಯಾಸ ಮಾಡಿದ್ದು ಮೈಕೆಲ್ ವ್ಯಾನ್ ವಾಲ್ಕೆನ್‌ಬರ್ಗ್ ಅವರ ಸಂಸ್ಥೆ. 2010ರ ಮಾರ್ಚಿನಲ್ಲಿ 1ನೇ ಧಕ್ಕೆಯ ಭಾಗ ಜನರಿಗೆ ತೆರೆಯಿತು. ಕೊನೆಯ ತುಂಡು ತೆರೆದದ್ದು 2021ರ ಡಿಸೆಂಬರಿನಲ್ಲಿ.

ದುಡ್ಡು ಹರಿಯುವ ದಾರಿ

ಇಲ್ಲಿಂದ ಮುಂದಿನದು ಸ್ವಲ್ಪ ಲೆಕ್ಕದ ವಿಷಯ. ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಶಾಸನಗಳೇ ಒಳ್ಳೆಯ ದಾರಿ ತೋರಿಸುತ್ತವೆ. ಕರ್ನಾಟಕದ ಹಳೆಯ ಶಾಸನಗಳಲ್ಲಿ ಬಿತ್ತುವಟ್ಟ, ಕೆರೆಗೊಡಗೆ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕೆರೆ ಕಟ್ಟಿಸಿದವನು ಪುಣ್ಯ ಕಟ್ಟಿಕೊಂಡು ಹೋಗುತ್ತಾನೆ, ಆದರೆ ಪ್ರತಿವರ್ಷ ಹೂಳು ತೆಗೆಯುವವರು ಯಾರು, ಏರಿಗೆ ಮಣ್ಣು ಹಾಕುವವರು ಯಾರು, ತೂಬು ಸರಿಪಡಿಸುವವರು ಯಾರು? ಅದಕ್ಕಾಗಿ ಒಂದಿಷ್ಟು ಭೂಮಿಯನ್ನು, ಇಲ್ಲವೇ ಕೆರೆಯ ನೀರಿನಿಂದ ಬೆಳೆದ ಫಸಲಿನ ಒಂದು ಪಾಲನ್ನು, ಕೆರೆಯ ಕೆಲಸಕ್ಕೇ ಬಿಟ್ಟುಕೊಡುತ್ತಿದ್ದರು. ಕೆರೆಯಿಂದ ಗದ್ದೆಗೆ ಬೆಲೆ ಬಂತು, ಆ ಬೆಲೆಯ ಒಂದು ಪಾಲು ಕೆರೆಗೆ ಹಿಂತಿರುಗಲಿ ಎಂಬುದು ಅದರ ನ್ಯಾಯ.

ಬ್ರೂಕ್ಲಿನ್ನಿನ ವ್ಯವಸ್ಥೆ ಇದೇ ನ್ಯಾಯದ ಮೇಲೆ ನಿಂತಿದೆ. ಉದ್ಯಾನವಿರುವುದರಿಂದ, ಎದುರಿಗೆ ನದಿ ಮತ್ತು ಮ್ಯಾನ್‌ಹಟನ್ನಿನ ಗೋಪುರಗಳು ಕಾಣುವುದರಿಂದ, ಅದರ ಅಂಚಿನ ಮನೆಗಳಿಗೆ ಭಾರಿ ಬೆಲೆ ಬರುತ್ತದೆ. ಆ ಬೆಲೆಯ ಒಂದು ಪಾಲನ್ನು ಉದ್ಯಾನಕ್ಕೆ ತಿರುಗಿಸಲಾಗಿದೆ. ಹೇಗೆಂದರೆ, ಕಟ್ಟಡದ ನಿವೇಶನಗಳನ್ನು ಬಿಲ್ಡರುಗಳಿಗೆ ಮಾರಿಲ್ಲ, ದೀರ್ಘಾವಧಿಯ ಗುತ್ತಿಗೆಗೆ ಕೊಟ್ಟಿದ್ದಾರೆ. ನೆಲ ಸಾರ್ವಜನಿಕರದೇ. ಗುತ್ತಿಗೆ ಪಡೆಯುವಾಗ ಬಿಲ್ಡರ್ ಒಂದು ದೊಡ್ಡ ಮೊತ್ತ ಕೊಡುತ್ತಾನೆ, ಆಮೇಲೆ ವರ್ಷವರ್ಷವೂ ನೆಲಬಾಡಿಗೆ ಬರುತ್ತದೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಜಾಗ ಸರ್ಕಾರಿ ಒಡೆತನದಲ್ಲಿರುವುದರಿಂದ ಅಲ್ಲಿ ವಾಸಿಸುವವರು ನಗರಕ್ಕೆ ಮಾಮೂಲಿ ಆಸ್ತಿ ತೆರಿಗೆ ಕಟ್ಟುವುದಿಲ್ಲ, ಅದರ ಬದಲಿಗೆ ಹತ್ತಿರಹತ್ತಿರ ಅಷ್ಟೇ ಮೊತ್ತದ ಇನ್ನೊಂದು ಪಾವತಿ ಮಾಡುತ್ತಾರೆ. ಆ ಪಾವತಿ ನಗರದ ಸಾಮಾನ್ಯ ಖಜಾನೆಗೆ ಬೀಳದೆ ನೇರವಾಗಿ ಉದ್ಯಾನವನ್ನು ನೋಡಿಕೊಳ್ಳುವ ನಿಗಮಕ್ಕೆ ಬರುತ್ತದೆ.

ನಮ್ಮ ಊರಿನ ಮಾತಿನಲ್ಲಿ ಹೇಳುವುದಾದರೆ, ಕಬ್ಬನ್ ಪಾರ್ಕಿನ ಸುತ್ತಲಿನ ಕಟ್ಟಡಗಳ ಕಂದಾಯವೆಲ್ಲ ಪಾಲಿಕೆಯ ದೊಡ್ಡ ಹುಂಡಿಗೆ ಬೀಳದೆ ಕಬ್ಬನ್ ಪಾರ್ಕಿನ ಮಾಲಿಗಳ ಸಂಬಳಕ್ಕೇ ಬಂದ ಹಾಗೆ. ಇದರ ಅನುಕೂಲ ದೊಡ್ಡದು. ಹೊಸ ಮೇಯರ್ ಬಂದರೂ, ಬಜೆಟ್ ಬಿಗಿಯಾದರೂ ಉದ್ಯಾನದ ನಲ್ಲಿ ಒಣಗುವುದಿಲ್ಲ. ನ್ಯೂಯಾರ್ಕ್ ನಗರ ತನ್ನ ಬಜೆಟ್ಟಿನಲ್ಲಿ ಶೇಕಡಾ 1ಕ್ಕಿಂತ ಕಡಿಮೆ ಹಣವನ್ನು ಉದ್ಯಾನಗಳಿಗೆ ಕೊಡುತ್ತ ಬಂದಿದೆ ಎಂಬುದನ್ನು ನೆನೆದರೆ ಈ ಭದ್ರತೆಯ ಬೆಲೆ ತಿಳಿಯುತ್ತದೆ. ಅಪಾಯವೂ ಇದೆ: ಮನೆಯ ಮಾರುಕಟ್ಟೆ ಬಿದ್ದರೆ ಉದ್ಯಾನದ ಲೆಕ್ಕವೂ ಅಲುಗುತ್ತದೆ.

ಮನೆಗಳ ಬಲದಿಂದ ಉದ್ಯಾನ ಕಟ್ಟುವ ಉಪಾಯವನ್ನು ಬ್ರೂಕ್ಲಿನ್ ಹೊಸದಾಗಿ ಹುಡುಕಿದ್ದಲ್ಲ. ಲಂಡನ್ನಿನ ರೀಜೆಂಟ್ಸ್ ಪಾರ್ಕಿಗೆ ಜಾನ್ ನ್ಯಾಶ್ 1811ರಲ್ಲಿ ಹಾಕಿಕೊಟ್ಟ ಯೋಜನೆಯಲ್ಲಿ ಉದ್ಯಾನದೊಳಗೆ 56 ಬಂಗಲೆಗಳಿದ್ದವು, ಕಟ್ಟಿದ್ದು ಬೆರಳೆಣಿಕೆಯಷ್ಟನ್ನು ಮಾತ್ರ. ಅದು ರಾಜಮನೆತನದ ಭೂಮಿ; ಜನಸಾಮಾನ್ಯರು ಅದರ ಒಂದು ಭಾಗದೊಳಕ್ಕೆ ಕಾಲಿಡಲು 1835ರವರೆಗೆ ಕಾಯಬೇಕಾಯಿತು. ಲಿವರ್‌ಪೂಲಿನ ಎದುರು ದಡದಲ್ಲಿರುವ ಬರ್ಕನ್‌ಹೆಡ್ ಪಟ್ಟಣ ಇನ್ನೂ ನೇರವಾದ ದಾರಿ ಹಿಡಿಯಿತು. ಅಲ್ಲಿನ ಆಡಳಿತ 226 ಎಕರೆ ಕೊಂಡು, 125 ಎಕರೆಯನ್ನು ಎಲ್ಲರಿಗೂ ಉದ್ಯಾನವಾಗಿ ಬಿಟ್ಟು, ಅಂಚಿನ ಜಾಗವನ್ನು ಮನೆಗಳಿಗೆ ಮಾರಿ ಖರ್ಚು ಹೊಂದಿಸಲು ಹೊರಟಿತು. ಜೋಸೆಫ್ ಪ್ಯಾಕ್ಸ್‌ಟನ್ ರೂಪಿಸಿದ ಆ ಉದ್ಯಾನ 1847ರಲ್ಲಿ ತೆರೆಯಿತು. 1850ರಲ್ಲಿ ಅದನ್ನು ನೋಡಿ ಬೆರಗಾಗಿ ಹೋದ ಅಮೆರಿಕದ ತರುಣ ಫ್ರೆಡರಿಕ್ ಲಾ ಓಮ್‌ಸ್ಟೆಡ್, ಮುಂದೆ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕನ್ನೂ ಬ್ರೂಕ್ಲಿನ್ನಿನ ಪ್ರಾಸ್ಪೆಕ್ಟ್ ಪಾರ್ಕನ್ನೂ ಕ್ಯಾಲ್ವರ್ಟ್ ವಾಕ್ಸ್ ಜೊತೆ ಸೇರಿ ರೂಪಿಸಿದ. ಸೆಂಟ್ರಲ್ ಪಾರ್ಕಿಗೆ ಜಾಗ ಬಿಡಿಸುವಾಗ ಸೆನೆಕಾ ವಿಲೇಜ್ ಎಂಬ ಊರೇ ಎದ್ದುಹೋಯಿತು; ಅಲ್ಲಿ ಸ್ವಂತ ನೆಲ ಹೊಂದಿದ್ದ ಕಪ್ಪು ಜನರ ಮನೆ, ಚರ್ಚು, ಸ್ಮಶಾನಗಳಿದ್ದವು. ಉದ್ಯಾನದ ಇತಿಹಾಸ ಹೇಳುವಾಗ ಈ ಸಾಲನ್ನು ಬಿಟ್ಟು ಹೇಳಲು ನನಗೆ ಮನಸ್ಸಾಗುವುದಿಲ್ಲ.

ಕಟ್ಟಡ ಎಲ್ಲಿ ನಿಲ್ಲಬೇಕು

ಶೇಕಡಾ 20 ಎಂಬುದು ಎಷ್ಟು ಎನ್ನುವುದರ ಉತ್ತರ. ಎಲ್ಲಿ ಎಂಬುದು ಅದಕ್ಕಿಂತ ಸೂಕ್ಷ್ಮ.

ಮೊದಲು ನೆಲದ ಮಾತು. ಆರು ಧಕ್ಕೆಗಳಲ್ಲಿ 1ನೆಯದು ಮಾತ್ರ ಮಣ್ಣು ತುಂಬಿ ಮಾಡಿದ್ದು, ಹಾಗಾಗಿ ಭಾರ ತಾಳುತ್ತದೆ. ಉಳಿದವು ಕಂಬಗಳ ಮೇಲೆ ನಿಂತವು. ವಿನ್ಯಾಸಕಾರರು ಪ್ರತಿ ಧಕ್ಕೆಯ ತಾಳಿಕೆಯನ್ನು ಅಳೆದು, ಅದಕ್ಕೆ ತಕ್ಕುದನ್ನು ಮಾತ್ರ ಅದರ ಮೇಲಿಟ್ಟರು. 1ನೇ ಧಕ್ಕೆಯ ಮೇಲೆ ಗುಡ್ಡ, ಮರ, ಹುಲ್ಲುಗಾವಲು. 2ನೆಯದರಲ್ಲಿ ಹಳೆಯ ಶೆಡ್ಡಿನ ಚಾವಣಿಯನ್ನು ಉಳಿಸಿಕೊಂಡು ಅದರ ಅಡಿಯಲ್ಲಿ ಬಾಸ್ಕೆಟ್‌ಬಾಲ್ ಅಂಗಣಗಳು. 5ನೆಯದರಲ್ಲಿ ಫುಟ್‌ಬಾಲ್ ಮೈದಾನ. ಹಳೆಯ ಶೀತಲ ಗೋದಾಮನ್ನು ಕೆಡವಿದಾಗ ಸಿಕ್ಕ ಪೈನ್ ಮರದ ತೊಲೆಗಳು ಕುಳಿತುಕೊಳ್ಳುವ ಬೆಂಚುಗಳಾದವು. ನಗರದ ಇನ್ನೊಂದು ಸೇತುವೆಯ ದುರಸ್ತಿಯಲ್ಲಿ ಕಳಚಿ ತೆಗೆದ ಗ್ರಾನೈಟ್ ಚಪ್ಪಡಿಗಳು ನದಿಗೆ ಮುಖ ಮಾಡಿದ ಮೆಟ್ಟಿಲಸಾಲಾದವು. ಸಂಜೆ ಅಲ್ಲಿ ಕುಳಿತವರು ಮ್ಯಾನ್‌ಹಟನ್ನಿನ ಹಿಂದೆ ಸೂರ್ಯ ಇಳಿಯುವುದನ್ನು ನೋಡುತ್ತಾರೆ.

ಕಟ್ಟಡಗಳನ್ನು ಈ ಧಕ್ಕೆಗಳ ಮೇಲೆ ಇಡಲಿಲ್ಲ. ಅವು ನಿಂತಿರುವುದು ನೀರಿನಿಂದ ಹಿಂದೆ, ದಡದ ನೆಲದಲ್ಲಿ. ಅದರಲ್ಲೂ ಬಹುಮಟ್ಟಿಗೆ ಊರಿನ ಬೀದಿಗಳು ಉದ್ಯಾನವನ್ನು ಕೂಡುವ ಬಾಗಿಲುಗಳ ಬಳಿ. ಉತ್ತರದಲ್ಲಿ ಓಲ್ಡ್ ಫುಲ್ಟನ್ ಸ್ಟ್ರೀಟಿನ ಹತ್ತಿರ ಒಂದು ಹೋಟೆಲು ಮತ್ತು ಮನೆಗಳು, ದಕ್ಷಿಣದಲ್ಲಿ ಅಟ್ಲಾಂಟಿಕ್ ಅವೆನ್ಯೂ ಬಂದು ಮುಟ್ಟುವ 6ನೇ ಧಕ್ಕೆಯ ಬಾಯಿಯಲ್ಲಿ ಎರಡು ಗೋಪುರಗಳು. ಅಲ್ಲಿಯೇ ಸಮೀಪದ ಫರ್ಮನ್ ಸ್ಟ್ರೀಟಿನ ಹಳೆಯ ಬೃಹತ್ ಕಟ್ಟಡವೊಂದನ್ನು ಕೆಡವದೆ ಮನೆಗಳಾಗಿ ಮಾರ್ಪಡಿಸಿದರು. ಸೇತುವೆಯ ಆಚೆಗೆ ಹತ್ತೊಂಬತ್ತನೇ ಶತಮಾನದ ಎಂಪೈರ್ ಸ್ಟೋರ್ಸ್ ಗೋದಾಮುಗಳು ಕಚೇರಿ ಮತ್ತು ಅಂಗಡಿಗಳಾದವು. ಬಾಗಿಲ ಬಳಿಯೇ ಏಕೆ? ರಾತ್ರಿ ಒಂಬತ್ತಕ್ಕೆ ಉದ್ಯಾನದಿಂದ ಹೊರಬರುವ ಹೆಂಗಸಿಗೆ ದಾರಿಯಲ್ಲಿ ದೀಪ ಹತ್ತಿದ ಕಿಟಕಿ, ತೆರೆದ ಅಂಗಡಿ, ನಾಯಿಯನ್ನು ಓಡಾಡಿಸಲು ಬಂದ ನೆರೆಯವರು ಕಾಣಬೇಕು. ಜನವಸತಿಯಿಂದ ದೂರವಿರುವ ಉದ್ಯಾನ ಹಗಲು ಎಷ್ಟು ಚೆಲುವಾಗಿದ್ದರೂ ಕತ್ತಲಾದೊಡನೆ ಅರ್ಧ ಊರಿಗೆ ಮುಚ್ಚಿಹೋಗುತ್ತದೆ.

ಇದರ ಇನ್ನೊಂದು ಮುಖವೂ ಇದೆ. ಬಾಗಿಲಲ್ಲಿ ದುಬಾರಿ ಕಟ್ಟಡ ನಿಂತರೆ, ಒಳಗಿರುವುದು ಆ ಕಟ್ಟಡದವರ ಅಂಗಳ ಎಂದು ಹೊರಗಿನವನಿಗೆ ಅನಿಸಬಹುದು. ಬೇಲಿ ಹಾಕಬೇಕಾಗಿಯೇ ಇಲ್ಲ, ಹೋಟೆಲಿನ ಗಾಜಿನ ಬಾಗಿಲು ಮತ್ತು ಸಮವಸ್ತ್ರದ ಕಾವಲುಗಾರ ಸಾಕು. ಇಲ್ಲಿ ಆ ಅನಿಸಿಕೆಯನ್ನು ಮುರಿದದ್ದು, ನನ್ನ ಲೆಕ್ಕದಲ್ಲಿ, ಧಕ್ಕೆಗಳ ಮೇಲಿಟ್ಟ ಆಟ ಮತ್ತು ಊಟ. ಬಾಸ್ಕೆಟ್‌ಬಾಲ್ ಅಂಗಣಗಳಿಗೆ ನಗರದ ಮೂಲೆಮೂಲೆಯ ಹುಡುಗರು ಬರುತ್ತಾರೆ. 5ನೇ ಧಕ್ಕೆಯ ಬಳಿ ಮೇಜು ಮತ್ತು ಒಲೆಗಳನ್ನು ಇಟ್ಟ ಜಾಗವಿದೆ, ಭಾನುವಾರ ಅಲ್ಲಿ ಕುಟುಂಬಗಳು ಮಾಂಸ ಸುಟ್ಟುಕೊಂಡು ದಿನವಿಡೀ ಕುಳಿತಿರುತ್ತವೆ. ಬರೀ ಹೂವಿನ ಮಡಿ ಮತ್ತು ನಡಿಗೆಯ ದಾರಿ ಇಟ್ಟಿದ್ದರೆ ಆ ಜನ ಬರುತ್ತಿರಲಿಲ್ಲ.

ಕಾಲುನಡಿಗೆಯ ಕಷ್ಟ

ಉದ್ಯಾನ ಕಟ್ಟುವುದಕ್ಕಿಂತ ಅದಕ್ಕೆ ನಡೆದು ಹೋಗುವ ದಾರಿ ಮಾಡುವುದು ಇಲ್ಲಿ ಕಠಿಣವಾಗಿತ್ತು. ಬ್ರೂಕ್ಲಿನ್ ಹೈಟ್ಸ್ ಹೆಸರೇ ಹೇಳುವಂತೆ ಎತ್ತರದ ದಿಣ್ಣೆಯ ಮೇಲಿದೆ. ಆ ದಿಣ್ಣೆಯ ಮೈಗೆ ಅಂಟಿಕೊಂಡು ಎರಡು ಅಂತಸ್ತಿನ ಹೆದ್ದಾರಿ ಹಾದುಹೋಗುತ್ತದೆ, ಅದರ ನೆತ್ತಿಯ ಮೇಲೆ 1950ರಲ್ಲಿ ತೆರೆದ ಪ್ರಸಿದ್ಧ ನಡಿಗೆಕಟ್ಟೆ. ಹೆದ್ದಾರಿಯ ಮೇಲೆ ದಿನಕ್ಕೆ ಲಕ್ಷಕ್ಕೂ ಹೆಚ್ಚು ವಾಹನಗಳು ಓಡುತ್ತವೆ. ಮೇಲಿನ ಕಟ್ಟೆಯಲ್ಲಿ ನಿಂತವನಿಗೆ ಉದ್ಯಾನ ಕಾಲಬುಡದಲ್ಲೇ ಕಾಣುತ್ತದೆ. ತಲುಪಬೇಕಾದರೆ ಮಾತ್ರ ಉತ್ತರದ ಓಲ್ಡ್ ಫುಲ್ಟನ್, ನಡುವಿನ ಇಳಿಜಾರಾದ ಜೊರಾಲೆಮನ್, ದಕ್ಷಿಣದ ಅಟ್ಲಾಂಟಿಕ್ ಈ ಮೂರು ಬೀದಿಗಳಲ್ಲಿ ಒಂದನ್ನು ಹಿಡಿದು ಸುತ್ತಿಕೊಂಡು ಹೋಗಬೇಕಿತ್ತು.

ಹೆದ್ದಾರಿಯ ಸದ್ದಿಗೆ ಮಣ್ಣಿನಲ್ಲೇ ಉತ್ತರ ಕಂಡುಕೊಂಡರು. ಫರ್ಮನ್ ಸ್ಟ್ರೀಟಿನ ಬದಿಗೆ ಸುಮಾರು 30 ಅಡಿ ಎತ್ತರದ ದಿಬ್ಬ ಎಬ್ಬಿಸಿ ಅದರ ಮೇಲೆ ಗಿಡಮರ ಬೆಳೆಸಿದರು. ಬೆಂಚುಗಳನ್ನು ಎಷ್ಟು ಚೆಂದ ಮಾಡಿದರೂ, ಪಕ್ಕದಲ್ಲಿ ಕುಳಿತವನ ಮಾತು ಕೇಳಿಸದಿದ್ದರೆ ಅಲ್ಲಿ ಯಾರೂ ಎರಡನೆಯ ಸಲ ಕುಳಿತುಕೊಳ್ಳುವುದಿಲ್ಲ. ದಿಬ್ಬದ ಒಳಮಗ್ಗುಲಿಗೆ ಬಂದರೆ ಲಾರಿಗಳ ಮೊರೆತ ತಗ್ಗಿ ಮಾತು ಕೇಳಿಸುತ್ತದೆ.

ದಿಣ್ಣೆಯಿಂದ ನೇರವಾಗಿ ಇಳಿಯಲು ಮಾಡಿದ ಕಾಲುಸೇತುವೆಯ ಕಥೆ ಮಾತ್ರ ನೋವಿನದು. ಮೇಲಿನ ಸ್ಕ್ವಿಬ್ ಪಾರ್ಕಿನಿಂದ 1ನೇ ಧಕ್ಕೆಗೆ ಇಳಿಯುವ ಸೇತುವೆ 2013ರ ಮಾರ್ಚಿನಲ್ಲಿ ತೆರೆಯಿತು. ಕಾಡುದಾರಿಯ ತೂಗುಸೇತುವೆಯ ನೆನಪು ಬರುವಂತೆ ಅದನ್ನು ಮರದಿಂದ ಮಾಡಿದ್ದರು, ನಡೆದರೆ ಸ್ವಲ್ಪ ಪುಟಿಯುವ ಹಾಗೆ ಬೇಕೆಂದೇ ರೂಪಿಸಿದ್ದರು. ಮಕ್ಕಳಿಗೆ ಅದೇ ಖುಷಿ. 2014ರ ಆಗಸ್ಟಿನಲ್ಲಿ ಅದು ವಾಲಿದ್ದು ಕಂಡು ಮುಚ್ಚಿದರು. ಸರಿಪಡಿಸಿ 2017ರಲ್ಲಿ ತೆರೆದರು. ಮರದೊಳಗೆ ತೇವ ಸೇರಿ ಕೊಳೆಯುತ್ತಿದೆ ಎಂದು 2018ರಲ್ಲಿ ಮತ್ತೆ ಮುಚ್ಚಿದರು. ಕೊನೆಗೆ ಅದನ್ನು ಕಿತ್ತು, ಉಕ್ಕಿನ ಹೊಸ ಸೇತುವೆ ಹಾಕಿ 2020ರಲ್ಲಿ ತೆರೆದರು. ಹೀಗೆ ಏಳು ವರ್ಷದಲ್ಲಿ ಸೇತುವೆ ಮುಚ್ಚಿದ್ದ ದಿನಗಳೇ ಹೆಚ್ಚು. ಪಾದಚಾರಿ ಸೌಲಭ್ಯ ಎಂದರೆ ಉದ್ಘಾಟನೆಯ ದಿನದ ಸೊಗಸು ಎಂದುಕೊಂಡವರೆಲ್ಲ ಈ ಸೇತುವೆಯನ್ನು ನೆನೆಯಬೇಕು. ತಳ್ಳುಗಾಡಿಯಲ್ಲಿ ಮಗುವನ್ನು ಕರೆದೊಯ್ಯುವ ತಾಯಿಗೆ, ಮಂಡಿನೋವಿನ ಅಜ್ಜನಿಗೆ ಸೇತುವೆ ಪುಟಿಯುವುದು ಬೇಕಿರಲಿಲ್ಲ, ಅದು ದಿನವೂ ತೆರೆದಿರುವುದು ಬೇಕಿತ್ತು.

ಜಗಳ ಎಲ್ಲಿ ಹುಟ್ಟಿತು

ಉದ್ಯಾನಕ್ಕಾಗಿ ಹೋರಾಡಿದ ಜನರೇ ಮುಂದೆ ಉದ್ಯಾನದ ನಿಗಮದ ಮೇಲೆ ನ್ಯಾಯಾಲಯಕ್ಕೆ ಹೋದರು. ಮೂರು ಜಗಳಗಳನ್ನು ನೋಡಿದರೆ ಈ ಮಾದರಿಯ ಬಿರುಕು ಎಲ್ಲಿದೆ ಎಂದು ತಿಳಿಯುತ್ತದೆ.

ಮೊದಲನೆಯದು 2006ರದು. ಉದ್ಯಾನದ ಜಾಗದಲ್ಲಿ ಖಾಸಗಿ ಮನೆ ಕಟ್ಟುವುದು ಕಾನೂನಿಗೆ ವಿರುದ್ಧ ಎಂಬ ವಾದ. ನ್ಯೂಯಾರ್ಕಿನಲ್ಲಿ ಸಾರ್ವಜನಿಕ ಉದ್ಯಾನವನ್ನು ಬೇರೆ ಬಳಕೆಗೆ ಕೊಡಬೇಕಾದರೆ ರಾಜ್ಯದ ಶಾಸನಸಭೆಯ ಒಪ್ಪಿಗೆ ಬೇಕು. ನ್ಯಾಯಾಲಯ ಮೊಕದ್ದಮೆಯನ್ನು ವಜಾ ಮಾಡಿತು. ಮನೆಗಳಿಗೆಂದು ಗುರುತಿಸಿದ ನಿವೇಶನಗಳು ಎಂದೂ ಉದ್ಯಾನವೆಂದು ಸಮರ್ಪಿತವಾಗಿರಲಿಲ್ಲ ಎಂಬುದು ಅಲ್ಲಿ ನಿರ್ಣಾಯಕವಾಯಿತು.

ಎರಡನೆಯದು ನೋಟದ ಜಗಳ. 1ನೇ ಧಕ್ಕೆಯ ಬಳಿಯ ಕಟ್ಟಡಕ್ಕೆ 100 ಅಡಿ ಮಿತಿ ಇತ್ತು, ನಡಿಗೆಕಟ್ಟೆಯಿಂದ ಬ್ರೂಕ್ಲಿನ್ ಸೇತುವೆ ಕಾಣುವುದು ತಪ್ಪಬಾರದೆಂದು. ಕಟ್ಟಡ ಎದ್ದಾಗ ಅದರ ಚಾವಣಿಯ ಯಂತ್ರಕೋಣೆಗಳು ಆ ಮಿತಿಯನ್ನು ದಾಟಿ ನಿಂತವು. 2012ರ ಅಕ್ಟೋಬರಿನಲ್ಲಿ ಬಂದ ಸ್ಯಾಂಡಿ ಚಂಡಮಾರುತದ ನಂತರ ಪ್ರವಾಹದ ಭಯದಿಂದ ಯಂತ್ರಗಳನ್ನು ನೆಲಮಾಳಿಗೆಯಲ್ಲಿಡದೆ ಮೇಲಿಡಬೇಕಾಯಿತು, ಯಂತ್ರಕೋಣೆ ಮಿತಿಯ ಲೆಕ್ಕಕ್ಕೆ ಸೇರುವುದಿಲ್ಲ ಎಂದು ಕಟ್ಟಿದವರ ವಾದ. 2015ರಲ್ಲಿ ನ್ಯಾಯಾಲಯ ನಿವಾಸಿಗಳ ದೂರನ್ನು ತಳ್ಳಿಹಾಕಿತು. ಕಾನೂನಿನ ಪ್ರಕಾರ ಸರಿಯೇ ಇರಬಹುದು. ಆದರೆ 100 ಅಡಿ ಎಂದು ಕೇಳಿಸಿಕೊಂಡವನಿಗೆ ಅದು ಇಡೀ ಕಟ್ಟಡದ ಎತ್ತರ. ಒಪ್ಪಂದ ಬರೆಯುವವರು ಎತ್ತರವನ್ನು ಎಲ್ಲಿಂದ ಎಲ್ಲಿಯವರೆಗೆ ಅಳೆಯಬೇಕೆಂದು ಸಾಮಾನ್ಯ ಜನರಿಗೆ ಅರ್ಥವಾಗುವ ಮಾತಿನಲ್ಲಿ ಬರೆಯದಿದ್ದರೆ, ಗೆದ್ದರೂ ನಂಬಿಕೆ ಉಳಿಯುವುದಿಲ್ಲ.

ಮೂರನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, 6ನೇ ಧಕ್ಕೆಯದು. ಉದ್ಯಾನದ ನಿರ್ವಹಣೆಗೆ ಅಗತ್ಯವಿರುವಷ್ಟೇ ಕಟ್ಟಬೇಕು ಎಂಬುದು ಮೊದಲಿನಿಂದಲೂ ಒಪ್ಪಿಕೊಂಡ ಮಾತು. ಬೇರೆ ದಾರಿಯಿಂದ ಹಣ ಹುಟ್ಟಿಸಬಹುದೇ ಎಂದು 2011ರಲ್ಲಿ ಒಂದು ಸಮಿತಿ ಹುಡುಕಿಯೂ ನೋಡಿತ್ತು. ಅಷ್ಟರಲ್ಲಿ ಬ್ರೂಕ್ಲಿನ್ನಿನ ಮನೆಬೆಲೆ ಗಗನಕ್ಕೇರಿತು. ಮೊದಲು ಕಟ್ಟಿದ ಕಟ್ಟಡಗಳಿಂದಲೇ ಸಾಕಷ್ಟು ಹಣ ಬರುತ್ತಿರುವಾಗ ಇನ್ನೆರಡು ಗೋಪುರ ಏಕೆ ಎಂದು ನಿವಾಸಿಗಳು ಕೇಳಿದರು. ಕಂಬಗಳಿಗಾಗಿ ಎಂದಿತು ನಿಗಮ. ಹುಳು ತಿಂದ ಮೇಲೆ ರಿಪೇರಿ ಮಾಡುವ ಬದಲು ಈಗಲೇ ಎಲ್ಲ ಕಂಬಗಳಿಗೆ ಕವಚ ಹಾಕಿದರೆ ದೀರ್ಘಕಾಲದಲ್ಲಿ ಅಗ್ಗ, ಆದರೆ ಅದಕ್ಕೆ ದುಡ್ಡು ಈಗಲೇ ಬೇಕು. ಜೊತೆಗೆ ಮೇಯರ್ ಬಿಲ್ ಡಿ ಬ್ಲಾಸಿಯೊ ಅವರ ಆಡಳಿತ ಚಿಕ್ಕ ಗೋಪುರದಲ್ಲಿ 100 ಮನೆಗಳನ್ನು ಕೈಗೆಟುಕುವ ಬಾಡಿಗೆಗೆ ಇಡಬೇಕೆಂದು ಸೇರಿಸಿತು. 2018ರಲ್ಲಿ ತೀರ್ಪು ನಿಗಮದ ಪರವಾಗಿ ಬಂತು, ಗೋಪುರಗಳು ಎದ್ದವು.

ಕಂಬಗಳ ವಾದ ಸುಳ್ಳಲ್ಲ. ಕೈಗೆಟುಕುವ ಮನೆಗಳು ಬೇಕು ಎಂಬುದೂ ಸುಳ್ಳಲ್ಲ. ಆದರೆ ಅಗತ್ಯವಿರುವಷ್ಟೇ ಎಂಬ ಮಾತನ್ನು ಅಳೆಯುವ ಅಳತೆಗೋಲು, ಕಟ್ಟಲು ಹೊರಟವರ ಕೈಯಲ್ಲೇ ಇತ್ತು. ಖರ್ಚಿನ ಅಂದಾಜು ಅವರದು, ಆದಾಯದ ಅಂದಾಜು ಅವರದು, ಎರಡರ ನಡುವೆ ಕಂಡ ಕೊರತೆಯೂ ಅವರದೇ ಲೆಕ್ಕ. ಎರಡೂ ಪಕ್ಷಕ್ಕೆ ಸೇರದ ಒಬ್ಬ ಲೆಕ್ಕಿಗ ವರ್ಷವರ್ಷ ಈ ಲೆಕ್ಕವನ್ನು ಜನರ ಮುಂದಿಡಬೇಕೆಂದು 2002ರಲ್ಲೇ ಬರೆದಿದ್ದರೆ ಎಷ್ಟೋ ಕಹಿ ತಪ್ಪುತ್ತಿತ್ತು. ಶೇಕಡಾ 20 ಎಂಬುದು ಸಂಖ್ಯೆ, ಹಾಗಾಗಿ ಅದು ನಿಂತಿತು. ಅಗತ್ಯ ಎಂಬುದು ಬರೀ ಮಾತು, ಹಾಗಾಗಿ ಎಳೆದಾಡಿದ ಕಡೆಗೆಲ್ಲ ಹಿಗ್ಗಿತು. ನಮ್ಮ ಶಾಸನ ಬರೆದವರಿಗೆ ಇದು ಗೊತ್ತಿತ್ತು. ಬಿಟ್ಟ ಭೂಮಿಯ ನಾಲ್ಕೂ ಎಲ್ಲೆಗಳನ್ನು ಕಲ್ಲು, ಮರ, ಹಳ್ಳಗಳ ಗುರುತಿನೊಡನೆ ಕೆತ್ತಿ, ಕೊನೆಗೆ ಶಾಪಾಶಯವನ್ನೂ ಸೇರಿಸುತ್ತಿದ್ದರು: ಕೊಟ್ಟದ್ದನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಕ್ರಿಮಿಯಾಗಿ ಹುಟ್ಟುತ್ತಾನೆ ಎಂದು.

ನನ್ನನ್ನು ಇನ್ನೂ ಕಾಡುವ ಪ್ರಶ್ನೆ ಬೇರೊಂದಿದೆ. ಈ ಉಪಾಯ ಫಲಿಸಿದ್ದು ಎದುರಿಗೆ ಮ್ಯಾನ್‌ಹಟನ್ ಇದ್ದುದರಿಂದ. ಬಡವರ ಬಡಾವಣೆಯ ಉದ್ಯಾನದ ಅಂಚಿನಲ್ಲಿ ಹತ್ತು ಗೋಪುರ ಕಟ್ಟಿದರೂ ಅಲ್ಲಿನ ನೆಲಬಾಡಿಗೆ ಒಂದು ಜಾರುಬಂಡಿಯ ರಿಪೇರಿಗೆ ಸಾಲಲಿಕ್ಕಿಲ್ಲ. ಪ್ರತಿ ಉದ್ಯಾನವೂ ತನ್ನ ಅನ್ನ ತಾನೇ ದುಡಿಯಲಿ ಎಂಬುದು ನಿಯಮವಾದರೆ ಶ್ರೀಮಂತರ ಉದ್ಯಾನ ಮಾತ್ರ ಹಸಿರಾಗಿರುತ್ತದೆ. ಅಂಚಿನ ಮನೆಗಳ ಕಂದಾಯ ಸಾಮಾನ್ಯ ಖಜಾನೆಗೆ ಬಂದಿದ್ದರೆ ಅದರ ಒಂದು ಪಾಲಾದರೂ ಬಡವರು ಹೆಚ್ಚಿರುವ ಬ್ರಾಂಕ್ಸಿನ ಯಾವುದೋ ಆಟದ ಮೈದಾನಕ್ಕೆ ಹೋಗುತ್ತಿತ್ತೋ ಏನೋ. ಹಾಗಾಗಿ ಬ್ರೂಕ್ಲಿನ್ನನ್ನು ಒಂದು ಜಾಗದ ಪರಿಹಾರವೆಂದು ಒಪ್ಪುತ್ತೇನೆ, ಎಲ್ಲ ಊರುಗಳಿಗೂ ಸಲ್ಲುವ ಸೂತ್ರವೆಂದು ಒಪ್ಪಲಾರೆ.

ಆಗಲೇ ಉದ್ಯಾನವಾಗಿದ್ದರೆ

ಬ್ರೂಕ್ಲಿನ್ನಿನ ಧಕ್ಕೆಗಳು ಮೊದಲು ಉದ್ಯಾನವಾಗಿರಲಿಲ್ಲ ಎಂಬುದನ್ನು ಮತ್ತೆ ನೆನಪಿಸುತ್ತೇನೆ. ಏಕೆಂದರೆ ನಮ್ಮಲ್ಲಿ ಕಾನೂನು ಈ ಗೆರೆಯನ್ನು ಬಹಳ ಸ್ಪಷ್ಟವಾಗಿ ಎಳೆದಿದೆ, ಎಳೆದದ್ದು ಬೆಂಗಳೂರಿನದೇ ಒಂದು ಪ್ರಕರಣದಲ್ಲಿ. ಸ್ಯಾಂಕಿ ಕೆರೆಯ ಬಳಿ, ರಾಜಮಹಲ್ ವಿಲಾಸ್ ಬಡಾವಣೆಯ ಯೋಜನೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆ ಕಟ್ಟಲು ಒಂದು ಟ್ರಸ್ಟಿಗೆ ಕೊಡಲಾಗಿತ್ತು. ಬಡಾವಣೆಯ ನಿವಾಸಿಗಳು ಹೈಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್, ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಮುದ್ದಪ್ಪ ಎಂಬ ಈ ಪ್ರಕರಣದಲ್ಲಿ ನಿವಾಸಿಗಳ ಪರ ನಿಂತಿತು. ಆಸ್ಪತ್ರೆ ಒಳ್ಳೆಯದೇ, ಆದರೆ ಉದ್ಯಾನಕ್ಕೆ ಮೀಸಲಾದ ಬಯಲನ್ನು ಸರ್ಕಾರ ತನ್ನ ಇಷ್ಟದಂತೆ ಖಾಸಗಿಯವರಿಗೆ ಕೊಡುವಂತಿಲ್ಲ. ಅದನ್ನು ಪ್ರಶ್ನಿಸುವ ಹಕ್ಕು ಆ ಬಡಾವಣೆಯಲ್ಲಿ ಬದುಕುವ ಜನರಿಗಿದೆ. 1999ರಲ್ಲಿ ಲಖನೌದ ಝಂಡೇವಾಲಾ ಪಾರ್ಕಿನ ಪ್ರಕರಣದಲ್ಲಿ ಇನ್ನೂ ಮುಂದೆ ಹೋಗಿ, ಉದ್ಯಾನದ ಅಡಿಯಲ್ಲಿ ಕಟ್ಟುತ್ತಿದ್ದ ಮಾರುಕಟ್ಟೆ ಸಂಕೀರ್ಣವನ್ನು ಕೆಡವಿ ಉದ್ಯಾನವನ್ನು ಮೊದಲಿನಂತೆ ಮಾಡಿಕೊಡಲು ಆದೇಶಿಸಿತು. ಕರ್ನಾಟಕದಲ್ಲಿ ಉದ್ಯಾನ, ಆಟದ ಮೈದಾನ ಮತ್ತು ತೆರೆದ ಜಾಗಗಳ ರಕ್ಷಣೆಗೆಂದೇ 1985ರ ಕಾಯ್ದೆಯೂ ಇದೆ.

ಆದ್ದರಿಂದ ಅಭಿವೃದ್ಧಿಯ ನೀಲನಕ್ಷೆಯನ್ನು ಯಾರಾದರೂ ಮುಂದಿಟ್ಟಾಗ ನಾನು ಮೊದಲು ಕೇಳುವುದು ಆ ನೆಲ ನಿನ್ನೆ ಏನಾಗಿತ್ತು ಎಂದು. ಮುಚ್ಚಿದ ಗಿರಣಿಯೋ, ಬಿಟ್ಟುಹೋದ ರೈಲುಯಾರ್ಡೋ ಆಗಿದ್ದರೆ ಮುಂದಿನ ಮಾತು ಆಡಬಹುದು. ಉದ್ಯಾನವೇ ಆಗಿದ್ದರೆ ಮಾತು ಅಲ್ಲಿಗೇ ಮುಗಿಯಬೇಕು.

ಬ್ರೂಕ್ಲಿನ್ನಿನಲ್ಲಿ 2021ರ ಡಿಸೆಂಬರಿನಲ್ಲಿ ತೆರೆದ ಕೊನೆಯ ತುಂಡು, ಸೇತುವೆಯ ನೇರ ಅಡಿಯ ಎರಡು ಎಕರೆ ಅಂಗಳ. ಅದಕ್ಕೆ ಎಮಿಲಿ ವಾರೆನ್ ರೋಬ್ಲಿಂಗ್ ಅವರ ಹೆಸರಿಟ್ಟಿದ್ದಾರೆ. ಸೇತುವೆಯ ಮುಖ್ಯ ಎಂಜಿನಿಯರ್ ಆಗಿದ್ದ ಗಂಡ ವಾಷಿಂಗ್ಟನ್ ಕಾಯಿಲೆ ಬಿದ್ದು ಮನೆಯಲ್ಲೇ ಉಳಿದಾಗ, 1883ರಲ್ಲಿ ಸೇತುವೆ ಮುಗಿಯುವ ತನಕ ದಿನನಿತ್ಯ ಕೆಲಸಗಾರರ ಮತ್ತು ಗಂಡನ ನಡುವೆ ಓಡಾಡಿ ಕೆಲಸ ನಡೆಸಿದವರು ಅವರು. ಉದ್ಯಾನದ ಉತ್ತರ ಮತ್ತು ದಕ್ಷಿಣ ಭಾಗಗಳನ್ನು ನದಿಯಂಚಿನಲ್ಲಿ ಕೂಡಿಸುವ ಕೊಂಡಿಯಾಗಿ ಇಷ್ಟು ವರ್ಷ ಖಾಲಿ ಉಳಿದಿದ್ದದ್ದು ಆ ಜಾಗವೇ. ಈಗ ಅಲ್ಲಿ ಕಲ್ಲುಹಾಸಿನ ಮೇಲೆ ಸೇತುವೆಯ ನೆರಳು ಉದ್ದಕ್ಕೆ ಬಿದ್ದಿರುತ್ತದೆ. ಅಲ್ಲಿಂದ ನೀರಿನ ಅಂಚು ಹಿಡಿದು ದಕ್ಷಿಣಕ್ಕೆ ಹೊರಟರೆ, ಅವಸರವಿಲ್ಲದೆ ಅರ್ಧ ಗಂಟೆಯಲ್ಲಿ 6ನೇ ಧಕ್ಕೆ ಸಿಗುತ್ತದೆ. ದಾರಿಯ ಹಲವೆಡೆ ಕಾಲಡಿಗೆ ಆ ಕಂಬಗಳಿವೆ.